ಕಾರಿಲ್ಲದ ಮನೆಯ ಕಾರು ಜಾಗ

ನಮ್ಮ ಮನೆಯಲ್ಲಿ ಕಾರಿಲ್ಲ, ಕಾರು ನಿಲ್ಲಿಸುವ ಜಾಗ ಇದೆ. ತಿಪಟೂರಿನ ಈ ಬಡಾವಣೆಯಲ್ಲಿ ಮನೆ ಕಟ್ಟುವಾಗ ನಕ್ಷೆಯಲ್ಲಿ ಅಂಥದ್ದೊಂದು ಜಾಗ ತೋರಿಸಲೇಬೇಕು ಅಂದರು, ತೋರಿಸಿದೆವು. ನನ್ನ ಗಂಡ ತುರುವೇಕೆರೆಯ ಕಾಲೇಜಿನಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಾರೆ. ಇನ್ನು ನನಗೆ ಸೈಕಲ್ ಹೊಡೆಯಲೂ ಬರುವುದಿಲ್ಲ. ಗೃಹಪ್ರವೇಶದ ದಿನ ಊಟದ ಎಲೆ ಎತ್ತುವ ಮೊದಲೇ ನನ್ನ ಮಾವ ಆ ಜಾಗದಲ್ಲಿ ನಿಂತು, ತಲೆಯೆತ್ತಿ ಮೇಲೆ ನೋಡಿ, ‘ಇಲ್ಲೊಂದು ಅಟ್ಟ ಹಾಕಿದ್ರೆ ಎಂಗೆ?’ ಅಂದರು. ಅವರು ಹಾಗೆ ಕೇಳಿದರೆಂದರೆ ಬಡಗಿಗೆ ಆಗಲೇ ಹೇಳಿ ಆಗಿದೆ ಎಂದರ್ಥ.

ಹಾಲ್ಕುರಿಕೆ ಕಡೆ ನಮ್ಮದೊಂದು ತೋಟವಿದೆ. ಅಲ್ಲಿನ ಹಳೇ ಮನೆಯಲ್ಲಿಟ್ಟ ಕಾಯಿ ಮತ್ತೆ ಮತ್ತೆ ಕಳುವಾದ ಮೇಲೆ ಮಾವ ಕಾಯನ್ನೆಲ್ಲ ಪಟ್ಟಣಕ್ಕೆ, ತಮ್ಮ ಕಣ್ಣೆದುರಿಗೆ ತಂದಿಟ್ಟುಕೊಂಡರು. ನಮ್ಮ ಕಡೆ ತೆಂಗಿನಕಾಯಿ ಕೊಬ್ಬರಿಯಾಗುವುದು ಮಟ್ಟೆಯ ಒಳಗೇ, ಅಟ್ಟದ ಮೇಲೆ, ನೆರಳಿನಲ್ಲಿ. ಹೆಚ್ಚೂಕಮ್ಮಿ ಒಂದು ವರ್ಷ ಅದು ಸುಮ್ಮನೆ ಕೂತಿರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಗಿಟುಕಾಗುವ ತನಕ ಅದನ್ನು ಎತ್ತಾಡಬಾರದು, ಎತ್ತಾಡಿದರೆ ಕೆಟ್ಟು ಕೌಟಾಗುತ್ತದೆ ಅನ್ನುವುದು ಮಾವನ ನಂಬಿಕೆ. ಅದು ಎಷ್ಟರಮಟ್ಟಿಗೆ ನಿಜವೋ ನನಗೆ ಗೊತ್ತಿಲ್ಲ. ಪರೀಕ್ಷೆ ಮಾಡಿ ನೋಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಮಾತ್ರ ಮಾವ ಏಣಿ ಹತ್ತಿ, ಅಂಚಿನಲ್ಲಿರುವ ಒಂದೇ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಗುಳಗುಳ ಅನ್ನುತ್ತದೆ, ಗಿಟುಕಾಗಿದ್ದರೆ ಗಟಗಟ ಬಡಿಯುತ್ತದೆ. ಅವರು ‘ಆಗೈತೆ’ ಅಂದರೆ ಮಾರುಕಟ್ಟೆಯ ವರ್ತಕರು ಒಡೆದು ನೋಡುವುದಿಲ್ಲ. ಆ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿಯೇ ಇದೆ. ‘ಸುಳ್ಳು ಹೇಳ್ಲೇಬೇಕಾದ್ರೆ ಬ್ಯಾರೆ ಏನಾದ್ರೂ ಹೇಳ್ಕೊಳ್ರಿ, ಕೊಬ್ಬರಿ ವಿಚಾರ್ದಾಗೆ ಮಾತ್ರ ಹೇಳ್ಬ್ಯಾಡ್ರಿ’ ಎಂದು ನಮಗೆಲ್ಲ ಉಪದೇಶ ಮಾಡುತ್ತಿರುತ್ತಾರೆ. ನಾನು ಅರಳಗುಪ್ಪೆಯಿಂದ ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಈ ಉಪದೇಶ ನನಗೆ ಸಿಕ್ಕಿತ್ತು.

ನಮ್ಮ ಎದುರುಮನೆಯದು ಇದಕ್ಕೆ ತದ್ವಿರುದ್ಧ ಕಥೆ. ಅವರಿಗೆ ಗಾಡಿಗಳೇ ಗಾಡಿಗಳು, ನಿಲ್ಲಿಸಲು ಜಾಗವಿಲ್ಲ. ಮನೆಯ ಯಜಮಾನ ಮೆಕ್ಯಾನಿಕ್. ಬಡಾವಣೆ ಆಗುವ ಮೊದಲಿನಿಂದಲೂ ಇರುವ ಪುಟ್ಟ ಮನೆ ಅದು, ಹೊಸ್ತಿಲು ದಾಟಿದರೆ ರಸ್ತೆ. ಮುಖ್ಯ ರಸ್ತೆಯಲ್ಲಿ ಅಂಗಡಿ ಹಿಡಿಯುವ ಶಕ್ತಿ ಇಲ್ಲದ್ದರಿಂದ ಬಾಗಿಲ ಮುಂದೆಯೇ ಅವನ ಕೆಲಸ. ಅವನ ಹೆಂಡತಿ ಒಳಗೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ನನ್ನ ರವಿಕೆಗೆ ಅವಳ ಹೊಲಿಗೆ, ಅವಳ ಸಾರಿಗೆ ನಮ್ಮ ಕಾಯಿ, ಹೀಗೆ ನಡೆದುಕೊಂಡು ಬಂದಿತ್ತು. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ಸ್ವಂತ ತಂಗಿಗಿಂತ ಹೆಚ್ಚು ಹೊತ್ತು ನಾನು ಮಾತಾಡುವುದು ಅವಳ ಜೊತೆಯೇ.

ಹೋದ ವರ್ಷ ಅವನ ಬಾಗಿಲ ಮುಂದೆ ಒಂದು ಹಳೇ ಜೀಪು ಬಂದು ನಿಂತಿತು. ಚಿಕ್ಕನಾಯಕನಹಳ್ಳಿ ಕಡೆಯ ತೋಟದವರೊಬ್ಬರದು. ಎಂಜಿನ್ ಇಳಿಸಿ ಒಳಗಿಟ್ಟುಕೊಂಡಿದ್ದ, ಅದರ ಯಾವುದೋ ಸಾಮಾನು ಎಲ್ಲೂ ಸಿಗದೆ ಕಾಯುತ್ತಿದ್ದ. ಬಾನೆಟ್ಟಿನೊಳಗೆ ಏನೂ ಇಲ್ಲದ ಆ ಜೀಪು ರಸ್ತೆಯ ಅರ್ಧ ಹಿಡಿದುಕೊಂಡು ತಿಂಗಳುಗಟ್ಟಲೆ ನಿಂತಿತು. ತೋಟದಿಂದ ಕಾಯಿ ತುಂಬಿಕೊಂಡು ಬಂದ ಟ್ರ್ಯಾಕ್ಟರು ಒಂದು ದಿನ ಅದರಿಂದಾಗಿ ನಮ್ಮ ಗೇಟಿಗೆ ತಿರುಗಲಾರದೆ ಹೋಯಿತು. ಮೂಲೆಯಲ್ಲೇ ಇಳಿಸಿ, ಆಳುಗಳು ಬಿಸಿಲಿನಲ್ಲಿ ಕುಕ್ಕೆಯಲ್ಲಿ ಹೊತ್ತು ತಂದರು. ಮಾವ ಅವತ್ತು ಎದುರುಮನೆಯವನಿಗೆ ಒಂದು ಮಾತೂ ಅನ್ನಲಿಲ್ಲ. ಅವರು ಬೈದಿದ್ದರೆ ಅವತ್ತಿಗೇ ಮುಗಿದುಹೋಗುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ನಗರಸಭೆಯ ಅಧಿಕಾರಿಯೊಬ್ಬರು ನಮ್ಮ ಬೀದಿಗೆ ಬಂದರು. ಸಮಾಧಾನದ ಮನುಷ್ಯ, ದನಿ ಎತ್ತಿ ಮಾತಾಡಿದವರಲ್ಲ. ಬೀದಿಯಿಂದ ದೂರು ಬಂದಿದೆ ಅಂದರು. ಕೆಟ್ಟು ನಿಂತ ವಾಹನ ರಸ್ತೆಯಲ್ಲಿ ಇಡುವ ಹಾಗಿಲ್ಲ, ನಾಳಿದ್ದು ಬೆಳಿಗ್ಗೆ ಕ್ರೇನು ಬರುತ್ತದೆ, ಅಷ್ಟರೊಳಗೆ ಯಾರದಾದರೂ ಗೇಟಿನ ಒಳಗೆ ಹೋಗಿರಬೇಕು, ಇಲ್ಲವಾದರೆ ಎಳೆದುಕೊಂಡು ಹೋಗುತ್ತೇವೆ ಎಂದು ಮೆಕ್ಯಾನಿಕ್‌ಗೆ ತಿಳಿಸಿದರು. ಹಾಗೇ ತಿರುಗಿದವರ ಕಣ್ಣಿಗೆ ತೆರೆದ ನಮ್ಮ ಗೇಟು ಬಿತ್ತು. ಒಳಗೆ ಬಂದು ಅಟ್ಟವನ್ನೂ, ಅದರಲ್ಲಿ ಹಿಡಿಸದೆ ಕೆಳಗೆ ಪೇರಿಸಿದ್ದ ಕಾಯಿ ರಾಶಿಯನ್ನೂ ನೋಡಿದರು.

‘ಇದು ಕಾರು ನಿಲ್ಲೋ ಜಾಗ ಅಲ್ವೇನ್ರೀ?’

‘ನಮ್ಮನೇಲಿ ಕಾರಿಲ್ಲ ಸ್ವಾಮಿ’ ಅಂದರು ಮಾವ.

‘ಕಾರು ಇರೋದು ಬಿಡೋದು ನಿಮ್ಮಿಷ್ಟ. ಜಾಗ ಮಾತ್ರ ಗಾಡಿಗೇ ಅಂತ ನಕ್ಷೆಯಲ್ಲಿದೆ. ಇದನ್ನೂ ತೆರವು ಮಾಡಿ ಯಜಮಾನ್ರೇ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡೋಕಾಗಲ್ಲ.’

ಮಾವನ ಮುಖ ಕಪ್ಪಿಟ್ಟಿತು. ಕಾಯಿ ಎತ್ತಿಡಬೇಕಲ್ಲ ಅನ್ನುವ ಚಿಂತೆಗೆ ಅಂದುಕೊಂಡೆ. ಅಧಿಕಾರಿ ಹೋದ ಮೇಲೆ ಎದುರುಮನೆಯವಳು ಗೇಟಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಇನ್ನೂ ಸೂಜಿ ದಾರ ಇತ್ತು.

‘ಯಾರಕ್ಕ ಕಂಪ್ಲೇಂಟ್ ಕೊಟ್ಟಿರೋದು? ಬಂದು ನಮಗೇ ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಬೇರೆಯವರ ಗಾಡಿ ಅಕ್ಕ ಅದು. ನಂಬಿ ಬಿಟ್ಟೋಗವ್ರೆ. ಅದನ್ನ ಕ್ರೇನ್‌ನಲ್ಲಿ ನೇತಾಕ್ಕೊಂಡು ಊರೊಳಗೆ ಎಳ್ಕೊಂಡೋದ್ರೆ ಇನ್ಮೇಲೆ ಇವರತ್ರ ಯಾರ್ ಗಾಡಿ ಬಿಡ್ತಾರೆ?’

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಕಣೇ ಅಂದೆ. ಮೂಲೆಮನೆಯವರು ಇರಬಹುದು ಎಂದು ಅವಳೂ ನಾನೂ ಸೇರಿ ತೀರ್ಮಾನ ಮಾಡಿ, ಅವರನ್ನು ಚೆನ್ನಾಗಿ ಬೈದೆವು.

ಆ ದಿನ ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿದರು, ನುಂಗಲಿಲ್ಲ. ಯಾರೂ ಕೇಳದೇ ಇದ್ದರೂ, ‘ದೂರು ಯಾರಾದ್ರೂ ಕೊಟ್ಟಿರ್ಬೋದು, ಬೀದಿ ಅಂದ್ಮ್ಯಾಲೆ ಎಲ್ಲಾ ಥರದೋರೂ ಇರ್ತಾರೆ’ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಸಾರಿನ ಸೌಟು ನನ್ನ ಕೈಯಲ್ಲೇ ನಿಂತಿತು.

‘ನೀವಾ?’ ಅಂದೆ.

ಅವರು ತಟ್ಟೆ ನೋಡುತ್ತಲೇ ಹೇಳಿದರು. ‘ಟ್ರ್ಯಾಕ್ಟರು ತಿರುಗ್ಲಿಲ್ವಲ್ಲಮ್ಮ. ಆ ಆಫೀಸ್ನಾಗೆ ನಮ್ಮೂರ ಕಡೆಯೋನು ಒಬ್ಬ ಅವ್ನೆ. ರಸ್ತೆ ಒಸಿ ನೋಡ್ರಪ್ಪ ಅಂದೆ, ಅಷ್ಟೇಯ. ಕ್ರೇನು ತತ್ತಾರೆ ಅಂತ ನನಗೇನು ಗೊತ್ತಿತ್ತಾ?’

ನನಗೆ ಮೈಯೆಲ್ಲ ಉರಿಯಿತು. ಎದುರುಮನೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತಿತ್ತು. ಅದನ್ನು ತುಳಿಯುತ್ತಿದ್ದವಳ ಜೊತೆ ಗೇಟಿನಲ್ಲಿ ನಿಂತು ನಾನು ಯಾರನ್ನೋ ಬೈದಿದ್ದೆ. ಈಗ ಹೋಗಿ ನಮ್ಮ ಮಾವನೇ ಅನ್ನಲೂ ಆಗುವುದಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ನನ್ನ ಗಂಡ ಮಧ್ಯೆ ಬಾಯಿ ಹಾಕಿ, ‘ಆಗಿದ್ದು ಆಗೋಯ್ತು ಬುಡು’ ಅಂದರು. ಅವರು ಯಾವಾಗಲೂ ಹಾಗೇ. ಆಗಿರಲಿಲ್ಲ, ಆಗುವುದಿತ್ತು.

ಮರುದಿನವೆಲ್ಲ ಮೆಕ್ಯಾನಿಕ್ ಜಾಗ ಹುಡುಕಿದ. ಖಾಲಿ ಸೈಟಿನವರು ಬೇಡ ಅಂದರು. ಪೆಟ್ರೋಲ್ ಬಂಕಿನವರು ಆಗುವುದಿಲ್ಲ ಅಂದರು. ಅವನ ನೆಂಟರೊಬ್ಬರ ಮನೆ ಇದ್ದದ್ದು ಅಮ್ಮಸಂದ್ರದಲ್ಲಿ, ಎಂಜಿನ್ ಇಲ್ಲದ ಗಾಡಿಯನ್ನು ಅಷ್ಟು ದೂರ ಒಯ್ಯುವುದು ಹೇಗೆ? ಸಂಜೆ ಬಂದವನು ಜೀಪಿನ ಮಡ್ಗಾರ್ಡಿಗೆ ಒರಗಿ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಅವನು ನಿಂತಿದ್ದ ಕಡೆಯಿಂದ ನಮ್ಮ ಗೇಟಿಗೆ ರಸ್ತೆಯಷ್ಟೇ ಅಂತರ. ಆದರೂ ಅವನು ನಮ್ಮನ್ನು ಕೇಳಲಿಲ್ಲ, ಒಳಗೆ ಕಾಯಿ ಕೂತಿದೆ, ಕೂತ ಕಾಯಿ ಅಲ್ಲಾಡಿಸಬಾರದು ಅನ್ನುವುದು ಈ ಊರಿನಲ್ಲಿ ಹುಟ್ಟಿ ಬೆಳೆದ ಅವನಿಗೂ ಗೊತ್ತು.

ನಾನೇ ಮಾವನ ಹತ್ತಿರ ಹೋದೆ. ‘ಕಾಯಿ ತೆಗೆದ್ರೆ ಜೀಪು ನಮ್ಮಲ್ಲಿ ನಿಲ್ಲುತ್ತೆ. ಹೇಗೂ ತೆರವು ಮಾಡು ಅಂದಿದ್ದಾರಲ್ಲ.’

‘ಇನ್ನೂ ಮೂರು ತಿಂಗ್ಳಿನ ನೀರೈತೆ ಕಣಮ್ಮ ಅದ್ರಾಗೆ. ಟ್ರ್ಯಾಕ್ಟರ್ನಾಗೆ ಹಾಕ್ಕೊಂಡು ತೋಟಕ್ಕೆ ವಾಪಸ್ ಒಯ್ದ್ರೆ ಗುಂಡಿ ರಸ್ತೇಲಿ ಅರ್ಧಕ್ಕರ್ಧ ಸೀಳ್ತವೆ. ಉಳಿದಿದ್ದು ಕೌಟು. ನಾಳೆ ಆ ಸಾಹೇಬ್ರಿಗೆ ಕೈಮುಗ್ದು ಕೇಳ್ಕೊತೀನಿ, ಟೈಮ್ ಕೊಡ್ತಾರೆ.’

‘ನಿಮಗೆ ಟೈಮು. ಅವನಿಗೆ?’

ಮಾವ ಎದ್ದು ಏಣಿಯ ಹತ್ತಿರ ಹೋಗಿ ನಿಂತರು. ‘ಮಾಡಿದ್ದುಣ್ಣೋ ಮಹರಾಯ ಅಂತ ಗಾದೆ ಇದೆ, ಇಲ್ಲಿ ಮಾಡಿದವರು ಒಬ್ಬರು, ಉಣ್ಣೋರು ಇನ್ನೊಬ್ಬರು’ ಎಂದು ನಾನು ಜೋರಾಗಿಯೇ ಹೇಳಿ ಒಳಗೆ ಬಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಎದುರು ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಬೆಳಿಗ್ಗೆ ನಾನು ಅಂಗಳ ಗುಡಿಸುವಾಗಲೇ ಕ್ರೇನು ಬಂತು. ಹಳದಿ ಬಣ್ಣದ ಅದರ ಕೊಕ್ಕೆ ತೂಗಾಡುತ್ತಿತ್ತು. ಮೆಕ್ಯಾನಿಕ್ ಜೀಪಿನ ಮುಂದೆ ನಿಂತು ಅಧಿಕಾರಿಗೆ ಏನೋ ಹೇಳುತ್ತಿದ್ದ, ಅವರು ತಲೆಯಾಡಿಸುತ್ತಿದ್ದರು. ಅವನ ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬೀದಿಯ ಎಲ್ಲ ಬಾಗಿಲಲ್ಲೂ ಜನ. ನಾನು ಪೊರಕೆ ಬಿಸಾಕಿ ಗೇಟಿನ ಎರಡೂ ಬಾಗಿಲು ತೆಗೆದೆ.

‘ತಳ್ಳಿ ಒಳಕ್ಕೆ’ ಅಂದೆ.

ಎಲ್ಲರೂ ನನ್ನ ಕಡೆ ನೋಡಿದರು. ಅಧಿಕಾರಿ ಕಾಯಿ ರಾಶಿ ತೋರಿಸಿ, ‘ಎಲ್ಲಿಗಮ್ಮ ತಳ್ಳೋದು?’ ಅಂದರು. ನಿಜವೇ, ಜೀಪಿನ ಮೂತಿ ಕೂಡ ಒಳಗೆ ಹೋಗುವಂತಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, ‘ಪಕ್ಕದ ಬೀದಿಯಲ್ಲಿ ಇನ್ನೆರಡು ಗಾಡಿ ಇವೆ, ಮುಗಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಗೇಟಿನ ಒಳಗಿದ್ರೆ ನನ್ನದೇನೂ ಇಲ್ಲ. ಒಳಗೆ ನಿಂತ ಗಾಡಿ ಓಡುತ್ತೋ ಕೆಟ್ಟಿದೆಯೋ ನಾನು ಕೇಳಲ್ಲ’ ಅಂದರು. ಕ್ರೇನು ಅವರ ಹಿಂದೆ ಮೂಲೆ ತಿರುಗಿತು.

ಮೆಕ್ಯಾನಿಕ್ ನಮ್ಮ ಗೇಟಿಗೆ ಓಡಿ ಬಂದ. ಕಾಯಿ ನೋಡಿದ, ತಿರುಗಿ ತನ್ನ ಮನೆಯ ತಾರಸಿ ನೋಡಿದ. ಅಲ್ಲಿ ಶೀಟು ಹೊದಿಸಿದ ಜಾಗವೊಂದು ಬಟ್ಟೆ ಒಣಗಿಸುವುದಕ್ಕೆ ಮಾತ್ರ ಬಳಕೆಯಲ್ಲಿತ್ತು.

‘ಯಜಮಾನ್ರೇ, ಟ್ರ್ಯಾಕ್ಟರ್ ಗೀಕ್ಟರ್ ಏನೂ ಬೇಡ. ನಮ್ ಮನೆ ಮೇಲಿಡಿ. ಕೈಯಿಂದ ಕೈಗೆ ದಾಟಿಸ್ಕೊಂಡು ಹೋದ್ರೆ ಒಂದ್ ಕಾಯೂ ಕುಲುಕಲ್ಲ. ಮೇಲೆ ನೆರಳೈತೆ, ಸುತ್ತ ಗಾಳಿ ಆಡುತ್ತೆ’ ಅಂದ. ಮಾವ ಬಾಯಿ ತೆರೆಯುವ ಮೊದಲೇ ಬೀದಿಯವರನ್ನು ಕೂಗಿದ. ಜನ ಬಂದರು. ನಾವಿಬ್ಬರೂ ಬೈದಿದ್ದ ಮೂಲೆಮನೆಯವರೇ ಎಲ್ಲರಿಗಿಂತ ಮೊದಲು ಬಂದು ನಿಂತದ್ದು ನೋಡಿ ನನಗೆ ನಾಚಿಕೆಯಾಯಿತು. ನಮ್ಮ ಗೇಟಿನಿಂದ ಅವರ ಮೆಟ್ಟಿಲ ತುದಿಯವರೆಗೆ ಸಾಲು ನಿಂತಿತು. ನನ್ನ ಗಂಡ ಅಟ್ಟ ಹತ್ತಿದರು. ಮಾವ ರಾಶಿಯ ಹತ್ತಿರ ಬಗ್ಗಿ ಮೊದಲ ಕಾಯಿ ಎತ್ತಿ ಮೆಕ್ಯಾನಿಕ್‌ನ ಕೈಗೆ ಕೊಟ್ಟರು. ಕೊಟ್ಟ ಕೈ ಹಿಂದಕ್ಕೆ ತೆಗೆಯಲಿಲ್ಲ.

‘ತಡಿ ಕಣಪ್ಪ. ನಿನ್ ಮನೆ ಮ್ಯಾಲೆ ನನ್ ಕಾಯಿ ಇಡೋ ಮುಂಚೆ ಒಂದ್ ಮಾತು. ದೂರು ಹೇಳಿದ್ದು ನಾನೇಯ.’

ಸಾಲಿನ ತುದಿಯವರೆಗೂ ಕೇಳಿಸಿರಬೇಕು. ಅವನ ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು, ಆ ನೋಟ ನಾನು ಮರೆಯುವುದಿಲ್ಲ. ನಾನು ತಲೆ ತಗ್ಗಿಸಿದೆ. ಪಕ್ಕದ ಬೀದಿಯಿಂದ ಕ್ರೇನಿನ ಸರಪಳಿ ಸದ್ದು ಬರುತ್ತಿತ್ತು.

ಕಾಯಿ ಮೆಕ್ಯಾನಿಕ್‌ನ ಅಂಗೈಯಲ್ಲೇ ಇತ್ತು. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣಿಸುತ್ತಿತ್ತು. ಎತ್ತಿ ಸಿಮೆಂಟಿನ ಮೇಲೆ ಕುಕ್ಕಿದ್ದರೆ ಅವನನ್ನು ತಪ್ಪು ಅನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸಿದ.

‘ಕಾಯಿ ಒಣಗೋವರೆಗೂ ಅಷ್ಟೇ ಯಜಮಾನ್ರೇ. ಆಮೇಲೆ ನಿಮ್ ಜಾಗ ನಿಮಗೆ, ನಮ್ ಜಾಗ ನಮಗೆ’ ಅಂದ. ಮುಂದಿನ ಕಾಯಿಗೆ ಕೈ ಚಾಚಿದ.

ಕಾಯಿ ಒಂದೊಂದಾಗಿ ಹಸುಗೂಸಿನ ಹಾಗೆ ಕೈ ಬದಲಿಸುತ್ತ ರಸ್ತೆ ದಾಟಿತು, ಮೆಟ್ಟಿಲು ಹತ್ತಿತು. ರಾಶಿ ಮುಗಿದು ಅಟ್ಟವೂ ಬರಿದಾಗುತ್ತಲೇ ಮಾವ ತಾವೇ ಮಚ್ಚು ತಂದು ಅಟ್ಟ ಕಟ್ಟಿದ್ದ ಹಗ್ಗ ಕುಯ್ದರು. ಬಿದಿರು ಗಳಗಳನ್ನು ಗೋಡೆಗೆ ಒರಗಿಸುವುದಕ್ಕೂ ಕ್ರೇನು ಮೂಲೆಯಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ಎಲ್ಲರೂ ಸೇರಿ ಜೀಪಿಗೆ ಹೆಗಲು ಕೊಟ್ಟರು. ಹಿಂದಿನ ಚಕ್ರ ಒಳಗೆ ಬರುತ್ತಿದ್ದಂತೆ ನಾನು ಗೇಟು ಹಾಕಿದೆ. ಅಧಿಕಾರಿ ಸರಳಿನ ಸಂದಿಯಿಂದ ಜೀಪನ್ನು ಒಮ್ಮೆ ನೋಡಿ, ಕ್ರೇನಿನವನಿಗೆ ಹೊರಡು ಎಂದು ಕೈ ಮಾಡಿದರು.

ಜೀಪು ಉಳಿಯಿತು. ಮಾತು ಉಳಿಯಲಿಲ್ಲ. ಮೆಕ್ಯಾನಿಕ್ ದಿನಾ ಬಂದು ನಮ್ಮ ಗೇಟಿನೊಳಗೆ ಕೆಲಸ ಮಾಡುತ್ತಿದ್ದ, ಮಾವ ಜಗಲಿಯ ಮೇಲೆ ಕೂತಿರುತ್ತಿದ್ದರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಒಂದು ಲೋಟದಲ್ಲಿ ಕಾಫಿ ಇಟ್ಟರೆ ಅವನು ಕುಡಿದು ಲೋಟ ತೊಳೆದಿಟ್ಟು ಹೋಗುತ್ತಿದ್ದ. ಅವನ ಹೆಂಡತಿ ನನ್ನ ರವಿಕೆ ಹೊಲಿದು ಬಾಗಿಲಿಗೆ ನೇತುಹಾಕಿ ಹೋಗುತ್ತಿದ್ದಳು. ನನಗೆ ಅದು ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಒಂದು ದಿನ ತಡೆಯಲಾರದೆ ಅವಳ ಕೈ ಹಿಡಿದು, ‘ನೀನು ಕೇಳಿದಾಗ ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ ಕಣೇ’ ಅಂದೆ. ‘ಆಮೇಲೆ ಗೊತ್ತಾಯ್ತಲ್ಲಕ್ಕ’ ಅಂದಳು ಅವಳು.

ಮಾವನದು ಇನ್ನೊಂದು ಸಂಕಟ. ಶನಿವಾರ ಬಂದರೆ ಎದುರು ತಾರಸಿಯ ಕಡೆಗೇ ಕಣ್ಣು. ಕರೆಯದೆ ಹತ್ತುವಂತಿಲ್ಲ, ಕೇಳುವ ಮುಖವೂ ಇಲ್ಲ. ಮುಂಗಾರಿಗೆ ಮೊದಲಿನ ಗಾಳಿಮಳೆ ಒಂದು ಮಧ್ಯಾಹ್ನ ಏಕಾಏಕಿ ಬಂದಿತು. ಎದುರುಮನೆಯ ಶೀಟೊಂದು ಪಟಪಟ ಬಡಿದುಕೊಳ್ಳತೊಡಗಿದ್ದು ಕೇಳಿ ಮಾವ ಬರಿಗಾಲಲ್ಲಿ ಗೇಟಿಗೆ ಓಡಿದರು. ಕೊಡೆ ಹಿಡಿಯಲು ನಾನು ಹಿಂದೆ ಓಡಿದೆ. ಮೆಕ್ಯಾನಿಕ್ ನಮಗಿಂತ ಮೊದಲೇ ನಮ್ಮ ಗೇಟಿನೊಳಗೆ ಬಂದಿದ್ದ. ಜೀಪಿನ ಮೇಲಿದ್ದ ಟಾರ್ಪಾಲನ್ನು ಎಳೆದುಕೊಂಡು, ನಮ್ಮನ್ನು ದಾಟಿಕೊಂಡು ಓಡಿ, ತನ್ನ ಮೆಟ್ಟಿಲು ಹತ್ತಿದ. ಅವನೂ ಅವನ ಹೆಂಡತಿಯೂ ಅದನ್ನು ನಮ್ಮ ಕಾಯಿಯ ಮೇಲೆ ಹರಡಿ ನಾಲ್ಕು ಮೂಲೆಗೂ ಕಲ್ಲು ಹೇರಿದರು. ಮಾವ ಮಳೆಯಲ್ಲಿ ನೆನೆಯುತ್ತ ನೋಡುತ್ತಲೇ ನಿಂತರು. ಕೊಡೆಯ ಕೆಳಗೆ ಬನ್ನಿ ಅಂದರೂ ಬರಲಿಲ್ಲ.

ಅಷ್ಟರಲ್ಲಿ ಆ ಜೀಪಿನ ಸಾಮಾನು ಸಿಕ್ಕಿತು, ಎಂಜಿನ್ ಕೂತಿತು, ಯಜಮಾನರು ಬಂದು ಓಡಿಸಿಕೊಂಡು ಹೋದರು. ಅದರ ಜಾಗಕ್ಕೆ ಒಂದು ಗೂಡ್ಸ್ ಆಟೊ ಬಂದಿತು. ಅದು ಗೇಟಿನೊಳಗೇ ನಿಲ್ಲುತ್ತದೆ ಅನ್ನುವ ಧೈರ್ಯದ ಮೇಲೆ ಬಿಟ್ಟು ಹೋಗಿದ್ದರು. ಎದುರುಮನೆಯವನು ಅದಕ್ಕೆ ಕೈ ಹಾಕಿದ ದಿನದಿಂದ ನನಗೆ ಒಳಗೊಳಗೇ ಭಯ ಶುರುವಾಯಿತು. ಮೂರು ತಿಂಗಳು ಮುಗಿಯುತ್ತ ಬಂದಿತ್ತು. ಕಾಯಿ ಒಣಗಿದರೆ ನಮ್ಮ ಜಾಗ ನಮಗೆ. ಆಮೇಲೆ ಈ ಆಟೊ ಎಲ್ಲಿ ನಿಲ್ಲಬೇಕು? ಮತ್ತೆ ರಸ್ತೆ, ಮತ್ತೆ ಕ್ರೇನು. ಮಾವನಿಗೆ ಹೊಸ ಕಾಯಿಗೆ ಅಟ್ಟ ಕಟ್ಟುವ ಚಪಲವೂ ಇದ್ದೇ ಇರುತ್ತದೆ, ಬಿದಿರು ಗಳಗಳು ಇನ್ನೂ ಗೋಡೆಗೆ ಒರಗಿಕೊಂಡೇ ಇದ್ದವು.

ಒಂದು ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ಬಂದ. ಕೈಯಲ್ಲಿ ಒಂದು ಕಾಯಿ ಇತ್ತು. ಎದುರು ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಜಗಲಿಯ ಮೇಲೆ ಕೂತಿದ್ದ ಮಾವನ ಮುಂದೆ ಅವನು ಕಾಯಿ ಹಿಡಿದ.

ಮಾವ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬಾಗಿಲ ಒಳಗಿದ್ದ ನನಗೇ ಕೇಳಿಸಿತು, ಗಟಗಟ, ಗಟಗಟ. ಅಷ್ಟು ಚೆನ್ನಾಗಿ ಕರಟ ಬಿಟ್ಟ ಗಿಟುಕಿನ ಸದ್ದು ಆ ವರ್ಷ ನಾನು ಬೇರೆಲ್ಲೂ ಕೇಳಿಲ್ಲ. ಮಾವ ಕಾಯನ್ನು ಇಳಿಸಿ, ಗೇಟಿನೊಳಗೆ ಅರ್ಧ ಬಿಚ್ಚಿಟ್ಟ ಆಟೊ ನೋಡಿದರು. ಮತ್ತೊಮ್ಮೆ ಅಲ್ಲಾಡಿಸಿದರು. ಮತ್ತೆ ಗಟಗಟ ಅಂದಿತು.

‘ಇನ್ನೂ ನೀರೈತೆ ಕಣಪ್ಪ’ ಅಂದರು ಮಾವ. ‘ಅಲ್ಲೇ ಇರ್ಲಿ.’

ಮೆಕ್ಯಾನಿಕ್ ಅವರ ಮುಖವನ್ನೇ ನೋಡಿದ. ಕಾಯಿ ವಾಪಸ್ ತೆಗೆದುಕೊಂಡು ತಾನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

‘ಹೌದು ಯಜಮಾನ್ರೇ, ನೀರೈತೆ’ ಅಂದ. ಕಾಯನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿ, ಮೆಟ್ಟಿಲು ಹತ್ತಿದ.